ಖಾಲಿ ಮನೆಯ ಕುಂಕುಮ

ಮುಂಬಯಿಯ ಸಾಂತಾಕ್ರೂಜ್‌ನ ಮನೆಯಲ್ಲಿ ಕೂತು ಕನ್ನಡ ಪುಸ್ತಕಗಳ ಪುಟ ಜೋಡಿಸುವುದು ನನ್ನ ಕಸುಬು. ಕಂಪ್ಯೂಟರ್ ಹಳೆಯದು. ಚಿತ್ರಗಳಿರುವ ಪುಟ ತೆರೆದರೆ ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ಅದರೊಳಗೆ ನಾಲ್ಕು ಜಿಬಿ ರ್‍ಯಾಮ್ ಇತ್ತು, ಅದನ್ನು ಸಿಕ್ಕಿಸುವ ಇನ್ನೊಂದು ಸ್ಲಾಟು ಪಕ್ಕದಲ್ಲೇ ಖಾಲಿ. ಅಲ್ಲಿ ಇನ್ನೊಂದು ನಾಲ್ಕು ಕೂಡಿಸಿದರೆ ಎಂಟಾಗುತ್ತದೆಂದು ಗ್ರಾಂಟ್ ರೋಡಿನ ಅಂಗಡಿಗೆ ಹೋದೆ.

ಅಂಗಡಿಯವರು ಉಡುಪಿ ಕಡೆಯವರು. ನನ್ನ ಮೊದಲ ಕಂಪ್ಯೂಟರ್ ಕೊಂಡದ್ದೇ ಅವರಲ್ಲಿ. ನನ್ನದು ಧಾರವಾಡದ ಮಾತು, ಅವರದು ಕರಾವಳಿಯದು. ಆದರೂ ಮನೆಯ ಹೊರಗೆ ನಾನು ಮನಸ್ಸು ಬಿಚ್ಚಿ ಕನ್ನಡ ಮಾತಾಡುವ ಜಾಗ ಆ ಕೌಂಟರ್ ಒಂದೇ. ಕೊಳ್ಳುವುದೇನೂ ಇಲ್ಲದಾಗಲೂ ತಿಂಗಳಿಗೊಮ್ಮೆ ಹೋಗಿ ಕೂರುತ್ತಿದ್ದೆ.

ಮನೆಗೆ ಬಂದು ಹೊಸ ರ್‍ಯಾಮನ್ನು ಖಾಲಿ ಸ್ಲಾಟಿಗೆ ಒತ್ತಿ ಕೂರಿಸಿದೆ. ಪರದೆ ತೋರಿಸಿದ್ದು ನಾಲ್ಕೇ. ತೆಗೆದು ಹಾಕಿದೆ, ನಾಲ್ಕು. ಸೆಟ್ಟಿಂಗುಗಳನ್ನೆಲ್ಲ ಜಾಲಾಡಿದೆ, ನಾಲ್ಕು. ಅಂಗಡಿಗೆ ಫೋನ್ ಮಾಡಿದೆ.

"ಹಳೇದನ್ನು ತೆಗೀರಿ ಮಾರಾಯ್ರೆ. ಅದರ ಜಾಗದಲ್ಲಿ ಹೊಸತು ಒಂದನ್ನೇ ಹಾಕಿ ನೋಡಿ, ಹಾಳಾದದ್ದು ರ್‍ಯಾಮಾ ಸ್ಲಾಟಾ ಗೊತ್ತಾಗ್ತದೆ" ಎಂದರು.

"ನನಗೇನು ಕಲಿಸ್ತೀರಿ? ನಿಮ್ಮ ಮಾಲೇ ಖೊಟ್ಟಿ ಐತಿ" ಎಂದು ಫೋನ್ ಇಟ್ಟೆ.

ಅವರು ಹೇಳಿದ್ದು ಎರಡು ನಿಮಿಷದ ಕೆಲಸ. ನಾನು ಮಾಡಲಿಲ್ಲ. ಸಿಟ್ಟು ಬಂದಾಗ ನನಗೆ ಯಾರ ಬುದ್ಧಿಮಾತೂ ಬೇಡ, ಬೈಯಲಿಕ್ಕೆ ಒಬ್ಬರು ಬೇಕು. ಹೊಸದನ್ನು ಕಿತ್ತುಕೊಂಡು ಮತ್ತೆ ಅಂಗಡಿಗೆ ಹೊರಟೆ. ರೈಲು ದಾದರ್ ದಾಟುವ ಹೊತ್ತಿಗೆ ಲೋಕಲ್‌ನಲ್ಲಿ ನಿಂತೇ ಏನೇನು ಅನ್ನಬೇಕೆಂದು ಹೊಂದಿಸಿಕೊಂಡಿದ್ದೆ.

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಎಲ್ಲರಿಗೂ ತಿಳಿಯಲಿ ಎಂದೇ ಅವರೊಡನೆ ಮೊದಲ ಸಲ ಹಿಂದಿಯಲ್ಲಿ ಮಾತಾಡಿದೆ. ಹಳೆ ಮಾಲಿಗೆ ಹೊಸ ಚೀಟಿ ಅಂಟಿಸಿ ಮಾರುತ್ತಾರೆ, ಊರಿನವರೆಂದು ನಂಬಿ ಕೆಟ್ಟೆ ಎಂದೆ. ಒಬ್ಬ ಗಿರಾಕಿ ಕೈಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟು ಹೊರಟುಹೋದ. ಅಂಗಡಿಯವರು ನಾನು ತಂದದ್ದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಕೈಗೆ ಕೊಟ್ಟರು.

ಮನೆಗೆ ಬಂದು ಅದನ್ನು ಹಾಕಿದರೂ ನಾಲ್ಕೇ.

ಇನ್ನು ಯಾರನ್ನು ಬೈಯುವುದು? ಟಾರ್ಚ್ ಹಿಡಿದು ಸ್ಲಾಟಿನೊಳಗೆ ಬಗ್ಗಿ ನೋಡಿದೆ. ತಳದಲ್ಲಿ ಕೆಂಪಗೆ ಏನೋ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದೆ. ಗಂಧ, ಕುಂಕುಮ.

ನಮ್ಮಪ್ಪ ಧಾರವಾಡದ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ. ಆಯುಧಪೂಜೆಯ ದಿನ ಉಳಿದವರು ಮೊಳೆಗಳಿಗೇ ಕುಂಕುಮ ಹಚ್ಚಿದರೆ ಅಪ್ಪನಿಗೆ ಆಗುತ್ತಿರಲಿಲ್ಲ. ಅಕ್ಷರದ ಸಂದಿಯಲ್ಲಿ ಕೂತರೆ ಅಚ್ಚು ಕೆಡುತ್ತದೆ. ಮೊಳೆಗಳನ್ನು ಅಕ್ಷರವಾರು ಇಡುವ ಪುಟ್ಟ ಪುಟ್ಟ ಮನೆಗಳ ಕೇಸಿನಲ್ಲಿ ಅಕ್ಷರವಿಲ್ಲದ ಒಂದು ಖಾಲಿ ಮನೆ ಇರುತ್ತಿತ್ತು. "ಪೂಜಿನೂ ಆಗಬೇಕು, ಕೆಲಸಾನೂ ಕೆಡಬಾರದು" ಎನ್ನುತ್ತ ಆ ಮನೆಗೆ ಬೊಟ್ಟು ಇಡುತ್ತಿದ್ದ. ಕಂಪ್ಯೂಟರ್ ಬಂದ ಮೇಲೆ ನಾನೂ ಪ್ರತಿ ವರ್ಷ ಅದರ ಡಬ್ಬಿ ಬಿಚ್ಚಿ, ಧೂಳು ಒರೆಸಿ, ಎಲ್ಲಿ ಇಟ್ಟರೆ ಯಾವುದಕ್ಕೂ ತೊಂದರೆಯಿಲ್ಲ ಎಂದು ನೋಡಿ, ಖಾಲಿ ಇದ್ದ ಆ ಸ್ಲಾಟಿನ ಮೇಲೇ ಬೊಟ್ಟು ಇಡುತ್ತ ಬಂದಿದ್ದೆ.

ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ ಅರ್ಧ ತಾಸು ತಿಕ್ಕಿದೆ. ಒಣಗಿದ ಮೇಲೆ ರ್‍ಯಾಮ್ ಕೂರಿಸಿ ಗುಂಡಿ ಒತ್ತಿದೆ. ಎಂಟು. ಸಂತೋಷವೇನೂ ಆಗಲಿಲ್ಲ. ನಾಚಿಕೆಯಾಯಿತು. ಆ ಕೌಂಟರ್ ಕೈಬಿಟ್ಟರೆ ಇಷ್ಟು ದೊಡ್ಡ ಮುಂಬಯಿಯಲ್ಲಿ ಇನ್ನು ಎಲ್ಲಿ ಹೋಗಿ ಕೂರಲಿ ಎಂದು ಹೆದರಿಕೆಯೂ ಆಯಿತು.

ಎರಡು ದಿನ ಹೋಗಲು ಕಾಲೇಳಲಿಲ್ಲ. ಮೂರನೆಯ ದಿನ ಹೋದಾಗ ಅಂಗಡಿಯಲ್ಲಿ ಮತ್ತೆ ಗಿರಾಕಿಗಳು. ಕೌಂಟರಿನ ಮೂಲೆಗೆ ಸರಿದು, ಅವರಿಗೆ ಮಾತ್ರ ಕೇಳುವಂತೆ ಕುಂಕುಮದ ಕಥೆ ಹೇಳಿದೆ. ಅವರು ಡ್ರಾಯರಿನಿಂದ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದರು. ನಾನು ವಾಪಸು ಕೊಟ್ಟ ರ್‍ಯಾಮ್.

"ನೀವು ಹೋದ ಕೂಡ್ಲೇ ಇಲ್ಲಿ ಹಾಕಿ ನೋಡಿದೆ. ಸರಿ ಉಂಟು ಇದು."

"ಹಂಗಾರ ಫೋನ್ ಯಾಕ ಮಾಡ್ಲಿಲ್ರಿ?"

"ಮಾಡಿದ್ರೆ ನಂಬ್ತಿದ್ರಾ ನೀವು?"

"ತಪ್ಪಾತ್ರಿ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ" ಎಂದೆ.

ಅವರು ಪೊಟ್ಟಣವನ್ನು ಮತ್ತೆ ಸುತ್ತುತ್ತಿದ್ದರು. ತಲೆ ಎತ್ತದೆ ಕೇಳಿದರು:

"ಮೊನ್ನೆ ಬೈದದ್ದು ಹಿಂದಿಯಲ್ಲಿ ಅಲ್ವಾ?"

ಗಿರಾಕಿಗಳ ಕಡೆ ತಿರುಗಿದೆ. ಮೊನ್ನೆ ಇದ್ದವರು ಯಾರೂ ಅವರಲ್ಲಿರಲಿಲ್ಲ. ಆದರೂ ಎಲ್ಲರಿಗೂ ಕೇಳುವಂತೆ, ಮೊದಲಿನಿಂದ ಕೊನೆಯವರೆಗೆ, ಕುಂಕುಮದ ಕಥೆಯನ್ನೂ ನನ್ನ ತಪ್ಪನ್ನೂ ಹಿಂದಿಯಲ್ಲಿ ಹೇಳಿದೆ.