ಬೀಗದಣ್ಣ ತಾನೇ ಹಾಕಿದ ಬೀಗ

ಬೀಗದಣ್ಣ ಕೆಮ್ಮಿದರೆ ಸಾಕು, ಮೂರು ಬೀದಿಯಾಚೆಯ ಬೀಗಗಳೂ ಹೆದರಿ ತಾವಾಗಿಯೇ ಬಾಯಿ ಬಿಡುತ್ತಿದ್ದವು. ಹೀಗೆಂದು ಹೇಳಿದವರು ಯಾರೆಂದು ಕೇಳಬೇಡಿ, ಅವನೇ. ಇಪ್ಪತ್ತು ವರ್ಷ ಬೀಗ ರಿಪೇರಿ ಮಾಡಿ, ಕಣ್ಣು ಮಂಜಾಗತೊಡಗಿದ ಮೇಲೆ ಅಣ್ಣನ ಪ್ರೆಸ್ಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳಲು ಸೇರಿದ. "ಅದೂ ಬೀಗಾನೇ ಕಣ್ರೀ, ಕೀಲಿಕೈ ಮಾತ್ರ ಬೆರಳ ತುದೀಲಿ" ಎನ್ನುತ್ತಿದ್ದ.

ಪ್ರೆಸ್ಸೆಂದರೆ ಎರಡು ಕೋಣೆ. ಮುಂದಿನದರಲ್ಲಿ ಅತ್ತಿಗೆ ಪುಟ ಜೋಡಿಸುತ್ತಾಳೆ. ಹಿಂದಿನದರಲ್ಲಿ ಅಣ್ಣ ಅಚ್ಚಿನ ಪ್ಲೇಟು ಮಾಡುತ್ತಾನೆ. ನಡುವೆ, ಕಾಗದದ ಕಟ್ಟುಗಳ ಮೇಲೆ, ಇಬ್ಬರ ಫೈಲುಗಳನ್ನೂ ಕಾಯುವ ಒಂದು ಕಂಪ್ಯೂಟರು. ಹಳೆಯದು ಹಿಟ್ಟಿನ ಗಿರಣಿಯಂತೆ ಸದ್ದು ಮಾಡತೊಡಗಿತ್ತು. ಬೀಗದಣ್ಣ ಹೊಸದನ್ನು ತಂದು, ಅತ್ತಿಗೆಯ ಹದಿನೈದು ವರ್ಷದ ಕೆಲಸವನ್ನು ಒಂದೇ ಭಾನುವಾರ ಅದಕ್ಕೆ ಸಾಗಿಸಿ, ಮೀಸೆ ತಿರುವಿಕೊಂಡು ಮನೆಗೆ ಹೋದ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅತ್ತಿಗೆಯ ಕಣ್ಣಿಗೆ ಒಂದು ತಪ್ಪು ಬಿತ್ತು. ಆಸ್ಪತ್ರೆಯ ಮಕ್ಕಳ ವಾರ್ಡಿನ ಔಷಧಿ ಪಟ್ಟಿ. ಎರಡೂವರೆ ಮಿಲಿ ಎಂದಿರಬೇಕಾದ ಕಡೆ ಬಿಂದು ಉದುರಿ, ಇಪ್ಪತ್ತೈದಾಗಿ ಕೂತಿತ್ತು. ಹನ್ನೆರಡಕ್ಕೆ ಪ್ಲೇಟು ಆಗಲೇಬೇಕು. ಬಿಂದು ಇಟ್ಟಳು, ಉಳಿಸಲು ಹೋದಳು. 'ನಿಮಗೆ ಅನುಮತಿ ಇಲ್ಲ.'

"ನನ್ನ ಫೈಲಿಗೆ ನಂಗೇ ಅನುಮತಿ ಇಲ್ವಂತೆ! ಏನಪ್ಪಾ ಇದು?"

"ಒಂದ್ನಿಮಿಷ ಅತ್ತಿಗೆ, ಕೆಮ್ಮಿ ಬರ್ತೀನಿ."

ಅತ್ತಿಗೆಯ ಮೇಜಿನ ಕಂಪ್ಯೂಟರಿನಲ್ಲಿ ಅನುಮತಿಯ ಚೌಕಗಳೆಷ್ಟಿದ್ದವೋ ಅಷ್ಟಕ್ಕೂ ಟಿಕ್ ಹಾಕಿದ. ಇನ್ನೊಂದು ಚೌಕವಿದ್ದಿದ್ದರೆ ಅದಕ್ಕೂ ಹಾಕುತ್ತಿದ್ದ. ಫೈಲು ಜಪ್ಪಯ್ಯ ಎನ್ನಲಿಲ್ಲ. ನಡುವೆ ಫೈಲು ಕಾಯುವ ಆ ಕಾವಲಿನ ಕಂಪ್ಯೂಟರಿನ ಜಾತಿಯೇ ಬೇರೆ. ಒಡೆಯ ಯಾರೆಂಬ ಲೆಕ್ಕ ಅದರದು ಅದಕ್ಕೆ. ಪಕ್ಕದವರ ಟಿಕ್ಕಿಗೆ ಅದು ಸೊಪ್ಪು ಹಾಕಲಿಲ್ಲ.

ಹನ್ನೊಂದೂಮುಕ್ಕಾಲು. "ಆಯ್ತೇನ್ರೋ? ಇಲ್ಲಾ, ಹಂಗೇ ಇಪ್ಪತ್ತೈದು ಹೊಡೆದುಬಿಡ್ಲಾ?" ಒಳಗಿಂದ ಅಣ್ಣ ಗುಡುಗಿದ.

"ಮಕ್ಕಳ ಜೀವದ ಜೊತೆ ತಮಾಷೆ ಬೇಡ ನಿಮಗೆ!" ಅತ್ತಿಗೆ ಕೂತಲ್ಲಿಂದಲೇ ಕೂಗಿದಳು.

ಬೀಗದಣ್ಣ ಬೆವರಿದ ಬೆವರಲ್ಲಿ ಎರಡು ಬಿಂದಿಗೆ ತುಂಬುತ್ತಿತ್ತು. ಬೇರೆ ದಾರಿ ಕಾಣದೆ ಕಾವಲಿನ ಕಂಪ್ಯೂಟರಿನ ಮುಂದೆಯೇ ಕೂತು, ತನ್ನ ಹೆಸರಿನಲ್ಲಿ ಒಳಹೊಕ್ಕು, ಆ ಫೈಲಿನ ಒಡೆಯ ಯಾರೆಂದು ನೋಡಿದ. ತಾನೇ. ಮುಂದಿನದಕ್ಕೂ ತಾನೇ. ಹದಿನೈದು ವರ್ಷದ ಕೆಲಸಕ್ಕೆಲ್ಲ ತಾನೇ! ಆ ಕಂಪ್ಯೂಟರು ಒಡೆಯರನ್ನು ನೆನಪಿಡುವುದು ಹೆಸರಿನಿಂದಲ್ಲ, ನಂಬರಿನಿಂದ. ಹಳೆಯದರಲ್ಲಿ ಮೊದಲ ನಂಬರು ಅತ್ತಿಗೆಯದಾಗಿತ್ತು. ಹೊಸದರಲ್ಲಿ ಇವನು ಜಂಬಕ್ಕೆ ಮೊದಲು ತನ್ನ ಹೆಸರನ್ನೇ ಸೇರಿಸಿದ್ದ. ಹಳೆಯ ನಂಬರು ಹೊತ್ತು ಬಂದ ಫೈಲುಗಳೆಲ್ಲ ಇಲ್ಲಿನ ಮೊದಲನೆಯವನನ್ನೇ ಯಜಮಾನ ಎಂದು ಅಪ್ಪಿಕೊಂಡಿದ್ದವು.

ಎಲ್ಲವನ್ನೂ ಅತ್ತಿಗೆಯ ಹೆಸರಿಗೆ ಮರಳಿಸಿದ. ಫೈಲು ತಿದ್ದಬಲ್ಲವರದು 'ಮನೆಮಂದಿ' ಎಂದೊಂದು ಗುಂಪು ಮಾಡಿ ಅಣ್ಣನನ್ನೂ ಅದಕ್ಕೆ ಸೇರಿಸಿದ, ನಾಳೆ ಇನ್ನೊಂದು ಜಗಳ ಬೇಡವೆಂದು.

ಅತ್ತಿಗೆ ಬಿಂದು ಇಟ್ಟಳು. ಈ ಸಲ ಉಳಿಯಿತು. ಹಿಂದಿನ ಕೋಣೆಯಲ್ಲಿ ಪ್ಲೇಟಿನ ಯಂತ್ರ ಗುಂಯ್‌ಗುಟ್ಟತೊಡಗಿದಾಗ ಮೂವರ ಉಸಿರೂ ಒಟ್ಟಿಗೇ ಹೊರಬಿತ್ತು. ಕಿಟಕಿಯ ಪರದೆ ಅಲ್ಲಾಡಿತೆಂದು ಅಣ್ಣ ಈಗಲೂ ಹೇಳುತ್ತಾನೆ.

ಜೀವ ಹಗುರಾದ ಮೇಲೆ ಅತ್ತಿಗೆಗೆ ನಗು ಬಂತು. "ಊರ ಬೀಗಕ್ಕೆಲ್ಲ ಕೆಮ್ಮಿದ್ರೆ ಸಾಕು ಅಂತಿದ್ದೆ. ಇದೊಂದಕ್ಕೆ ಎರಡು ಗಂಟೆ ಬೇಕಾಯ್ತಾ?"

ಬೀಗದಣ್ಣ ಕನ್ನಡಕ ಒರೆಸಿಕೊಂಡ.

"ಬೇರೆಯೋರ ಬೀಗ ಆಗಿದ್ರೆ ಎರಡೇ ನಿಮಿಷ ಅತ್ತಿಗೆ. ಇದನ್ನ ಹಾಕಿದೋನು ನಾನಲ್ವಾ!"