ಮುಚ್ಚಿದ ದಾರಿಯಲ್ಲಿ ಬಂದ ಅಂಕಿ

ದೆವ್ವ, ದೇವರ ಅಪ್ಪಣೆ, ಕನಸಿನಲ್ಲಿ ಬಂದು ಹೇಳಿದ್ದು, ಇಂಥದ್ದನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಪೈಕಿ ನಾನು. ಯಲಬುರ್ಗಾದ ನಮ್ಮ ಮನೆಯಲ್ಲಿ ಅವ್ವ, "ತಿಳದಾಂವ ಬಂದ, ಎಲ್ಲಾರೂ ಬಾಯಿ ಮುಚ್ರಿ" ಎಂದು ಚ್ಯಾಷ್ಟಿ ಮಾಡುತ್ತಿದ್ದಳು. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನನ್ನ ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಗಂಗಾವತಿಯಲ್ಲಿ ಕಾಲುವೆ ನೀರು ನೋಡಿಕೊಳ್ಳುವ ಒಂದು ಕಚೇರಿಗೆ ಯುನಿಕ್ಸ್ ಕಂಪ್ಯೂಟರ್ ಬಂದಿತ್ತು. ಅದನ್ನು ಮಾರಿದ ಕಂಪನಿ, ದೇಖರೇಖಿಗೆ ನನ್ನನ್ನು ಅಲ್ಲಿ ಬಿಟ್ಟಿತ್ತು. ಕೆಲಸ ಸರಳ. ಕಾಲುವೆಯ ಗೇಜಿನ ಕಲ್ಲಿನ ಹತ್ತಿರ ಒಬ್ಬ ಲಸ್ಕರ, ಅಂದರೆ ಕಾಲುವೆ ಕಾಯುವವನು, ಇರುತ್ತಾನೆ. ದಿನಾ ಬೆಳಿಗ್ಗೆ ಎಂಟಕ್ಕೆ ನೀರು ಎಷ್ಟು ಅಡಿ ಇದೆ ಎಂದು ನೋಡಿ, ಕಾಲುವೆಯ ಫೋನಿನಲ್ಲಿ ಕ್ಯಾಂಪಿಗೆ, ಅಂದರೆ ಕಾಲುವೆ ದಂಡೆಯ ಸಣ್ಣ ಕಚೇರಿಗೆ, ಹೇಳುತ್ತಾನೆ. ಕ್ಯಾಂಪಿನ ಗುಮಾಸ್ತ ಅದನ್ನು ಟೈಪ್ ಮಾಡಿದರೆ ಟೆಲಿಫೋನ್ ತಂತಿಯ ಮೇಲೆ ನಮ್ಮ ಮಷಿನ್ನಿಗೆ ಬಂದು ಸೇರುತ್ತದೆ. ದೂರದಿಂದ ಹೀಗೆ ಒಳಗೆ ಬರುವುದಕ್ಕೆ ರಿಮೋಟ್ ಲಾಗಿನ್ ಅನ್ನುತ್ತಿದ್ದೆವು.

ಆ ಸಲ ಮಹಾನವಮಿಗೆ ಎರಡು ದಿನ ರಜೆ. ಯಾರೂ ಇಲ್ಲದಾಗ ಹೊರಗಿನವರು ಒಳಗೆ ಬಂದು ಅಂಕಿ ಕೆಡಿಸಬಾರದು, ರಿಮೋಟ್ ಲಾಗಿನ್ ಮುಚ್ಚಿಬಿಡು ಎಂದು ಸಾಹೇಬರು ಹೇಳಿದರು. ಆ ಎರಡು ದಿನ ನೀರು ಏರಿದರೆ ಕ್ಯಾಂಪಿನ ಗುಮಾಸ್ತ ಸಾಹೇಬರ ಮನೆಗೆ ಫೋನ್ ಮಾಡಬೇಕು ಎಂದಾಯಿತು. ಹಿಂದಿನ ಮಧ್ಯಾಹ್ನ ಮುಚ್ಚಿದೆ. ಅಷ್ಟಕ್ಕೇ ಸಮಾಧಾನವಾಗದೆ ಟೆಲಿಫೋನ್ ತಂತಿಯನ್ನೂ ಕಿತ್ತು ಕಪಾಟಿನಲ್ಲಿಟ್ಟೆ. ಆಮೇಲೆ ಪಾರ್ಟಿಶನ್ ನೋಡಿದೆ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಗೋಡೆ ಎಬ್ಬಿಸಿಕೊಂಡ ಹಾಗೆ ಮಷಿನ್ನಿನ ಡಿಸ್ಕನ್ನು ಮೂರು ಭಾಗ ಮಾಡಿದ್ದೆವು. ಒಂದು ಮಷಿನ್ನಿಗೆ, ಒಂದು ಕಚೇರಿಯವರಿಗೆ, ಮೂರನೆಯದು ಗೇಜಿನ ಅಂಕಿಗಳಿಗೆ ಮಾತ್ರ. ಪ್ರತಿ ಭಾಗದಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡು ಮಷಿನ್ ಬಂದ್ ಮಾಡಿದೆ.

ಅಷ್ಟೊತ್ತಿಗೆ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ತಾಟು ಬಂತು. ಜೀಪು, ಟೈಪರೈಟರು, ಕಡೆಗೆ ನನ್ನ ಮಷಿನ್ನು. ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಅರಿಷಿಣ ದಾರವನ್ನು ಸ್ವಿಚ್ಚಿನ ಮೇಲೆ ಅಡ್ಡಡ್ಡ ಸುತ್ತಿ ಗಂಟು ಹಾಕಿದರು. ಇನ್ನು ರಜೆ ಮುಗಿಯುವ ತನಕ ಮುಟ್ಟಬಾರದು ಎಂದರು. ನಾನು ಒಳಗೊಳಗೇ ನಕ್ಕೆ. ಖೋಲಿಗೆ ಬೀಗ ಹಾಕಿ, ಇದ್ದ ಒಂದೇ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದೆ.

ತಿರುಗಿ ಬರುವಷ್ಟರಲ್ಲಿ ಕಚೇರಿಯಲ್ಲಿ ಗದ್ದಲವೋ ಗದ್ದಲ. ನವಮಿ ದಿನ ಕಾಲುವೆಯಲ್ಲಿ ನೀರು ಏರಿ, ಮಧ್ಯಾಹ್ನದ ಹೊತ್ತಿಗೆ ದಂಡೆ ಒಡೆದು, ತೆನೆ ಬಂದ ಭತ್ತದ ಗದ್ದೆಗಳಿಗೆ ನುಗ್ಗಿತ್ತು. ಬೆಳಿಗ್ಗೆಯೇ ಸುದ್ದಿ ಬಂದಿದ್ದರೆ ಮೇಲಿನ ಗೇಟು ಇಳಿಸಬಹುದಿತ್ತು. ಎಲ್ಲರ ಬೆರಳು ಯಂಕಪ್ಪನ ಮೇಲೆ. ಯಂಕಪ್ಪ ಆ ಗೇಜಿನ ಲಸ್ಕರ, ಹುಲಿಹೈದರದವನು. ಇಪ್ಪತ್ತು ವರ್ಷ ದಿನಗೂಲಿ ಮಾಡಿ, ಆ ಬೇಸಿಗೆಯಲ್ಲಷ್ಟೇ ಕಾಯಂ ಆಗಿದ್ದ. ಫೋನು ಬರಲಿಲ್ಲ ಎಂದು ಕ್ಯಾಂಪಿನ ಗುಮಾಸ್ತ ಹೇಳಿದ. ಯಂಕಪ್ಪ ಮಾತ್ರ, ಎಂಟಕ್ಕೇ ಫೋನಿನಲ್ಲಿ ಹೇಳಿದ್ದೇನೆ ಎಂದ. ಅವನನ್ನು ನೌಕರಿಯಿಂದ ತೆಗೆಯುವ ಕಾಗದ ಟೈಪ್ ಆಗುತ್ತಿತ್ತು. ಅವನು ವರಾಂಡದಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ನಾನೇನು ಮಾಡಲಿ ಎಂದು ಒಳಗೆ ಹೋದೆ.

ಬೀಗ ಹಾಕಿದ ಹಾಗೇ ಇತ್ತು. ದಾರದ ಗಂಟೂ ಹಾಗೇ ಇತ್ತು. ಬ್ಲೇಡಿನಿಂದ ಕತ್ತರಿಸಿ ಮಷಿನ್ ಶುರು ಮಾಡಿದೆ. ರೂಢಿಯ ಪ್ರಕಾರ ಪಾರ್ಟಿಶನ್ ನೋಡಿ ನೋಟುಬುಕ್ಕಿಗೆ ಹೋಲಿಸಿದೆ. ಮೂರನೆಯ ಭಾಗದಲ್ಲಿ ಒಂದು ಚೂರು ಜಾಗ ಕಡಿಮೆ ಇತ್ತು. ಮಷಿನ್ ಶುರುವಾಗುವಾಗ ತಾನಾಗಿ ಏನೇ ಬರೆದುಕೊಂಡರೂ ಅದು ಮೊದಲನೆಯ ಭಾಗಕ್ಕೆ ಹೋಗುತ್ತದೆ, ಮೂರನೆಯದಕ್ಕಲ್ಲ. ಹುಡುಕಿದೆ. ಹೊಸದೊಂದು ಫೈಲು. ನವಮಿ ದಿನದ್ದು, ಬೆಳಿಗ್ಗೆ ಎಂಟು ಗಂಟೆ ನಾಲ್ಕು ನಿಮಿಷ. ಬಂದದ್ದು ಕ್ಯಾಂಪಿನ ಹೆಸರಿನಲ್ಲಿ. ಒಳಗೆ ಒಂದೇ ಸಾಲು: ಯಂಕಪ್ಪನ ಗೇಜಿನ ನಂಬರು, ಆರು ಅಡಿ ಎರಡು ಇಂಚು.

ಕಪಾಟು ತೆಗೆದು ನೋಡಿದೆ. ತಂತಿ ಸುತ್ತಿಟ್ಟಲ್ಲೇ ಇತ್ತು. ಮಷಿನ್ನಿನ ಗಡಿಯಾರ ತಪ್ಪಿರಬಹುದೇ ಎಂದು ನೋಡಿದೆ, ಸರಿಯಾಗಿತ್ತು. ಲಾಗಿನ್ ಮುಚ್ಚಿದ ಕಡೆ ನಾಲ್ಕು ಸಲ ಓದಿದೆ, ಮುಚ್ಚಿಯೇ ಇತ್ತು. ಹೊರಗೆ ಹೋಗಿ ಯಂಕಪ್ಪನನ್ನು, ಅವತ್ತು ನೀರು ಎಷ್ಟಿತ್ತು ಎಂದು ಕೇಳಿದೆ. ಅವನು ತಲೆ ಎತ್ತದೆ, "ಆರಡಿ ಎರಡಿಂಚು ಇತ್ರಿ" ಎಂದ.

ಅಚ್ಚು ತೆಗೆದ ಹಾಳೆಯನ್ನು ಸಾಹೇಬರ ಮುಂದೆ ಇಟ್ಟೆ. ದಾರ, ತಂತಿ, ಕೀಲಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಒಂದೋ ಲಸ್ಕರಂದು ಸುಳ್ಳು, ಇಲ್ಲಾ ನೀ ಮುಚ್ಚಿದ್ದು ಸುಳ್ಳು. ಎರಡ್ರಾಗ ಒಂದು ಬರದು ಕೊಡು. ದಾರದ ಕತಿ ನಾ ಮ್ಯಾಲೆ ಕಳಸಾಕ ಆಗೂದಿಲ್ಲ."

ಅವರ ಮೇಲೆ ಸಿಟ್ಟು ಬಂತು, ಆದರೆ ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ಅರ್ಧ ಗಂಟೆ ಪೆನ್ನು ಹಿಡಿದು ಕೂತೆ. ಕಿಟಕಿಯಿಂದ ಯಂಕಪ್ಪನ ಬೆನ್ನು ಕಾಣುತ್ತಿತ್ತು. ಆಮೇಲೆ ಬರೆದೆ: ಮಷಿನ್ ಬಂದ್ ಮಾಡುವುದನ್ನು ಮರೆತೆ, ರಿಮೋಟ್ ಲಾಗಿನ್ ಸರಿಯಾಗಿ ಮುಚ್ಚಿರಲಿಲ್ಲ, ಆ ದಾರಿಯಲ್ಲಿ ಅಂಕಿ ಬಂದಿದೆ. ಗುಮಾಸ್ತ ಇದನ್ನು ಕೇಳಿದ್ದೇ ತಡ, "ಹೌದ್ರಿ, ನಾನ ಟೈಪ್ ಹೊಡದಿದ್ದೆ, ಮರತಿದ್ದೆ" ಎಂದುಬಿಟ್ಟ. ಅವನು ಅವತ್ತು ಕ್ಯಾಂಪಿನಲ್ಲಿ ಇರಲೇ ಇಲ್ಲ, ಅಳವಂಡಿಯಲ್ಲಿ ಬೀಗರ ಮನೆಯಲ್ಲಿ ಹೋಳಿಗೆ ಉಣ್ಣುತ್ತಿದ್ದ ಎಂಬುದು ನನಗೆ ಆಮೇಲೆ ತಿಳಿಯಿತು.

ಯಂಕಪ್ಪನ ನೌಕರಿ ಉಳಿಯಿತು. ನನ್ನ ಬಡ್ತಿ ಹೋಯಿತು, ಕಂಪನಿ ನನ್ನನ್ನು ಗಂಗಾವತಿಯಿಂದ ಎಬ್ಬಿಸಿತು. ಹೊರಟ ದಿನ ಅವನು ಬಸ್ ಸ್ಟ್ಯಾಂಡಿಗೆ ಬಂದ. ಅವತ್ತು ಫೋನಿನಲ್ಲಿ ಯಾರು ಮಾತಾಡಿದರು ಎಂದು ಕೇಳಿದೆ.

"ಯಾರೂ ಇಲ್ರಿ. ಹಿಂದಿನ ದಿನಾನ ಕಂಬ ಬಿದ್ದು ಫೋನ್ ಸತ್ತಿತ್ತು. ಕಿವಿಗಿಟ್ರ ಗಪ್ಪಂತ ಇತ್ತು. ಆದ್ರ ಎಂಟಕ್ಕ ಹೇಳೂದು ನನ್ನ ಕೆಲಸಲ್ರಿ, ಹೇಳಿದೆ." ಆಮೇಲೆ ಕೇಳಿದ: "ಮುಟ್ಟಿತ್ತಲ್ರಿ?"

ಮುಟ್ಟಿತ್ತು ಎಂದೆ. ಬಸ್ಸು ಕುಷ್ಟಗಿ ದಾಟುವ ತನಕ ನನಗೆ ಬೇರೇನೂ ಯೋಚನೆ ಬರಲಿಲ್ಲ.

ಆ ಮೇಲೆ ಎಷ್ಟೋ ಮಷಿನ್ನುಗಳನ್ನು ನೋಡಿದೆ, ಎಷ್ಟೋ ಕಡೆ ರಿಮೋಟ್ ಲಾಗಿನ್ ಮುಚ್ಚಿದೆ. ತಿಳಿದವರನ್ನು ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರು, ಯಾವುದೂ ಆ ದಾರದ ಗಂಟಿನ ತನಕ ಬರಲಿಲ್ಲ. ನಾನು ಬರೆದುಕೊಟ್ಟ ಹಾಳೆಯ ಪ್ರತಿ ಈಗಲೂ ನನ್ನ ಹತ್ತಿರ ಇದೆ. ಸರಿಯಾಗಿ ಮುಚ್ಚಿರಲಿಲ್ಲ ಎಂಬ ಸಾಲಿನ ಕೆಳಗೆ ನನ್ನ ಸಹಿ ಇದೆ. ಅವತ್ತು ಸುಳ್ಳು ಬರೆಯುತ್ತಿದ್ದೇನೆ ಅಂದುಕೊಂಡೇ ಸಹಿ ಮಾಡಿದ್ದೆ. ಅದು ಸುಳ್ಳೇ ಆಗಿತ್ತೇ ಎಂದು ಈಗ ಯಾರಾದರೂ ಕೇಳಿದರೆ, ನನಗೆ ಗೊತ್ತಿಲ್ಲ.