ಗುಡಿಸಿಟ್ಟ ಕಣ

ನಮ್ಮೂರ ಕಣವನ್ನು ಸರ್ಕಾರ ಕಿತ್ತುಕೊಂಡಿತು ಎಂದು ಈಗಿನವರು ಹೇಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾರೂ ಕಿತ್ತುಕೊಳ್ಳಲಿಲ್ಲ. ನಾವೇ ಗುಡಿಸಿ, ಸಾರಿಸಿ, ರಂಗೋಲಿ ಬಿಟ್ಟು ಕೊಟ್ಟೆವು. ಅವತ್ತು ಪೊರಕೆ ಹಿಡಿದವರಲ್ಲಿ ನಾನೂ ಒಬ್ಬಳು. ಬೇಡ ಬೇಡ ಎಂದು ಬಡಿದುಕೊಳ್ಳುತ್ತಲೇ ಗುಡಿಸಿದೆ.

ಜಡಿಗೇನಹಳ್ಳಿ ಕಡೆಯ ಆ ಸಣ್ಣ ಊರಿಗೆ ನಾನು ಸೊಸೆಯಾಗಿ ಬಂದದ್ದು ಅರವತ್ತರ ದಶಕ ಮುಗಿಯುವ ಹೊತ್ತಿಗೆ. ತವರು ಮಾಲೂರಿನಾಚೆ, ಮನೆಮಾತು ಅರ್ಧ ತೆಲುಗು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೆ. ಓದಿನಿಂದ ಆ ಊರಲ್ಲಿ ನನಗಾದ ಲಾಭವೆಂದರೆ, ಏನು ಹೇಳಿದರೂ "ಓದಿದೋಳು, ಬಾಯಿ ಜಾಸ್ತಿ" ಅನ್ನಿಸಿಕೊಂಡದ್ದು. ನನ್ನ ಗಂಡ ಒಳ್ಳೆಯವರು, ಆದರೆ ನಾಲ್ಕು ಜನರೆದುರು ನಾನು ಬಾಯಿ ತೆರೆದರೆ ಸಾಕು, ಕೆಮ್ಮಲು ಶುರುಮಾಡುತ್ತಿದ್ದರು.

ಊರಿನ ಮೂಡಲಿಗೆ ಗೋಮಾಳವಿತ್ತು. ವರ್ಷದ ಬಹುಪಾಲು ಅದು ದನ ಮೇಯುವ ಬಯಲು. ರಾಗಿ ಕೊಯ್ಲಾದ ಮೇಲೆ ಅದರ ಎತ್ತರದ ಭಾಗವೇ ಊರಿನ ಕಣ. ಹುಲ್ಲು ಹೆರೆದು, ನೀರು ಚಿಮುಕಿಸಿ, ದನಗಳಿಂದ ತುಳಿಸಿ, ಮೇಲೆ ಸಗಣಿ ಬಗ್ಗಡ ಸಾರಿಸಿದರೆ ನೆಲ ಮನೆಯ ನಡುಮನೆಯಷ್ಟು ನುಣುಪಾಗುತ್ತಿತ್ತು. ಅದರ ಮೇಲೆ ತೆನೆ ಹರಡಿ ಎತ್ತುಗಳಿಗೆ ಗುಂಡುಕಲ್ಲು ಕಟ್ಟಿ ಸುತ್ತಿಸುತ್ತಿದ್ದರು. ಕಣಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗುವಂತಿರಲಿಲ್ಲ. ಎಂಥ ದೊಡ್ಡವನಾದರೂ ಅಂಚಿನಲ್ಲಿ ಮೆಟ್ಟು ಬಿಟ್ಟೇ ಒಳಗೆ ಕಾಲಿಡಬೇಕು.

ದೊಡ್ಡ ಹಿಡುವಳಿಯವರಿಗೆ ಅವರವರ ಹೊಲದಲ್ಲೇ ಕಣವಿತ್ತು. ನಮ್ಮಂಥವರಿಗೆ ಊರ ಕಣವೇ ಗತಿ. ನಮ್ಮತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಮೈದುನರ ಕಣದಲ್ಲಿ ರಾಗಿ ಒಕ್ಕಲು ಹೋದಾಗ ಅವರು ದಿನವಿಡೀ ಬಾಗಿಲಲ್ಲಿ ಕೂರಿಸಿ, ನಾಳೆ ಬಾ ಎಂದು ಕಳಿಸಿದ್ದರಂತೆ. ಮಾರನೆಯ ದಿನ ಅತ್ತೆ ಊರ ಕಣಕ್ಕೆ ಹೋದರು. ಆಮೇಲೆ ಯಾರ ಬಾಗಿಲಿಗೂ ಹೋಗಲಿಲ್ಲ.

"ಈ ಕಣದಾಗೆ ಯಾರ್ನೂ ಕೇಳ್ಬೇಕಾಗಿಲ್ಲ ಕಣೇ" ಎಂದು ಸುಗ್ಗಿ ಬಂದಾಗಲೆಲ್ಲ ನನಗೆ ಹೇಳುತ್ತಿದ್ದರು. ಅವರಿಗೆ ಆ ಬಯಲು ಎಂದರೆ ಅಷ್ಟೇ, ಕೇಳದೆ ಬದುಕಬಹುದಾದ ಜಾಗ.

ಎಪ್ಪತ್ತರ ನಂತರ ಅಳತೆಯವರು ಬಂದು ಗೋಮಾಳದಲ್ಲಿ ಕೆಂಪು ಬಾವುಟ ನೆಟ್ಟರು. ಅಲ್ಲೊಂದು ಕಾರ್ಖಾನೆ ಬರುತ್ತದೆ, ಪಕ್ಕದಲ್ಲಿ ಕೆಲಸಗಾರರಿಗೆ ಮನೆಗಳು ಬರುತ್ತವೆ ಎಂದು ಗೊತ್ತಾಯಿತು. ಊರು ಎದ್ದು ಕೂತಿತು. ಅಶ್ವತ್ಥಕಟ್ಟೆಯಲ್ಲಿ ಸಮಿತಿಯಾಯಿತು. ಊರಿನ ಅತಿ ದೊಡ್ಡ ರೈತರೇ ಅದಕ್ಕೆ ಅಧ್ಯಕ್ಷರು. ಅವರ ಪಂಪ್‌ಸೆಟ್ಟಿನ ಪಕ್ಕದಲ್ಲಿ ಅವರದೇ ಅಗಲವಾದ ಕಣವಿತ್ತು. ನಮ್ಮ ಕಣ ಉಳಿಸಲು ಕಣ ಬೇಕಿಲ್ಲದವರನ್ನು ಯಾಕೆ ಅಧ್ಯಕ್ಷರನ್ನಾಗಿ ಮಾಡಿದಿರಿ ಎಂದು ನಾನು ಮನೆಯಲ್ಲಿ ಕೇಳಿದೆ. "ಮಾತಾಡಕ್ಕೆ ಬರೋರು ಬೇಕಲ್ಲ" ಎಂದರು ನನ್ನ ಗಂಡ.

ಹೋರಾಟ ಸುಳ್ಳಾಗಿರಲಿಲ್ಲ, ಅದನ್ನು ಹೇಳಲೇಬೇಕು. ಮುದ್ದೆ ಬುತ್ತಿ ಕಟ್ಟಿಕೊಂಡು ಗಂಡಸರು ಹೆಂಗಸರೆಲ್ಲ ಹೊಸಕೋಟೆಗೆ ಹೋಗಿ, ಬಿಸಿಲಲ್ಲಿ ಕಚೇರಿಯ ಎದುರು ಕೂತೆವು. ಜನ್ಮದಲ್ಲಿ ಗಟ್ಟಿ ದನಿ ತೆಗೆಯದ ಹೆಂಗಸರು ಕಣ ನಮ್ಮದು ಎಂದು ಕೂಗಿದರು. ಅತ್ತೆ ಕೂಗಲಿಲ್ಲ, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಕೊನೆಗೆ ಒಳಗಿನಿಂದ ಮಾತು ಬಂತು. ಬೆಂಗಳೂರಿನಿಂದ ಸಾಹೇಬರು ಬಂದು ಜಾಗ ನೋಡುತ್ತಾರೆ, ಅದು ನಿಜವಾಗಿ ಬಳಕೆಯಲ್ಲಿದ್ದರೆ ಬಿಟ್ಟುಬಿಡುತ್ತಾರೆ ಎಂದರು. ಗೆದ್ದೆವು ಎಂದುಕೊಂಡು ಬಸ್ಸಿನಲ್ಲಿ ಹಾಡು ಹೇಳಿಕೊಂಡು ಬಂದೆವು.

ಸಾಹೇಬರು ಬರುವ ಹಿಂದಿನ ದಿನ ಅಧ್ಯಕ್ಷರು ಮನೆಮನೆಗೆ ಹೇಳಿ ಕಳಿಸಿದರು. ಕಣ, ಗೋಮಾಳ ಎಲ್ಲ ಚೊಕ್ಕಟವಾಗಬೇಕು. ದನಗಳನ್ನು ಕೆರೆಯಾಚೆಗೆ ಹೊಡೆಯಬೇಕು, ಸಾಹೇಬರಿಗೆ ಹಾಯಬಾರದಲ್ಲ. ಉಳಿದಿದ್ದ ಒಂದೆರಡು ಹುಲ್ಲಿನ ಮೆದೆ ಕದಲಿಸಬೇಕು. ಒಣಗಲು ಹಾಕಿದ ಬೆರಣಿ ತೆಗೆಯಬೇಕು. ಗುಂಡುಕಲ್ಲುಗಳನ್ನು ಲಂಟಾನ ಪೊದೆಯ ಮರೆಗೆ ಉರುಳಿಸಬೇಕು, ಜೀಪು ತಿರುಗಲು ಜಾಗ ಬೇಕು.

ನನಗೆ ತಲೆ ಕೆಟ್ಟಿತು. ಕಟ್ಟೆಯ ಹತ್ತಿರ ಹೋಗಿ ಕೇಳಿಯೇಬಿಟ್ಟೆ.

"ದನ ಮೇಯ್ತವಾ ಇಲ್ವಾ ಅಂತ ತಾನೇ ಅವ್ರು ನೋಡಕ್ಕೆ ಬರ್ತಿರೋದು? ದನಾನೇ ಓಡ್ಸಿದ್ರೆ ಏನು ನೋಡ್ತಾರೆ?"

ಯಾರೋ ಹಿಂದಿನಿಂದ, ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂದರು. ನಗು ಎದ್ದಿತು. ನನ್ನ ಗಂಡ ಕೆಮ್ಮಿದರು. ಅಧ್ಯಕ್ಷರು ಮಾತ್ರ ಸಮಾಧಾನವಾಗಿ, "ದೊಡ್ಡೋರ ಮನಸ್ಸು ಗೆಲ್ಬೇಕು ಕಣಮ್ಮ. ಕೊಳಕು ನೋಡಿದ್ರೆ, ಇಂಥೋರಿಗೆ ಜಾಗ ಯಾಕೆ ಅಂದ್ಬಿಡ್ತಾರೆ" ಎಂದರು. ಎಲ್ಲರೂ ತಲೆ ಆಡಿಸಿದರು.

ಮನೆಯಲ್ಲಾದರೂ ನ್ಯಾಯ ಸಿಗುತ್ತದೆ ಎಂದುಕೊಂಡು ಅತ್ತೆಗೆ ಹೇಳಿದೆ. ಅವರು ಆಗಲೇ ಹೊಸ ಪೊರಕೆಗೆ ಕಡ್ಡಿ ಕಟ್ಟುತ್ತಿದ್ದರು.

"ಬಂದೋರಿಗೆ ಸಗಣಿ ತುಳ್ಸಿ ಕಳ್ಸಕ್ಕಾಯ್ತದಾ? ನಮ್ಮನೆಗೆ ಬರೋ ನೆಂಟ್ರಿಗೆ ಹಂಗೆ ಮಾಡ್ತೀವಾ?"

"ಅವ್ರು ನೆಂಟ್ರಲ್ಲ ಅತ್ತೆ."

"ಊರಿಗೆ ಬಂದ ಮೇಲೆ ನೆಂಟ್ರೇ" ಎಂದು ನನ್ನ ಕೈಗೂ ಒಂದು ಪೊರಕೆ ಕೊಟ್ಟರು.

ಬಂದವರಿಗೆ ಬಾಗಿಲು ಸಾರಿಸುವುದು ನಮ್ಮ ಜನರ ರಕ್ತದಲ್ಲೇ ಇದೆ. ಕೋರ್ಟಿನ ಅಮೀನ ಜಪ್ತಿಗೆ ಬಂದರೂ ಮೊದಲು ಮಜ್ಜಿಗೆ ಕೊಡುವವರು ನಾವು. ಮದುವೆಮನೆಗೆ ದುಡಿದ ಹಾಗೆ ಸಂಜೆಯವರೆಗೆ ದುಡಿದೆವು. ಅತ್ತೆ ಎಲ್ಲರಿಗಿಂತ ಮುಂದೆ. ಒಂದು ಹುಲ್ಲುಕಡ್ಡಿ, ಒಂದು ಗೊರಸಿನ ಗುರುತು ಉಳಿಯಲಿಲ್ಲ. ನಾನು ಹಲ್ಲು ಕಚ್ಚಿಕೊಂಡು ಗುಡಿಸಿದೆ.

ಬೆಳಿಗ್ಗೆ ಮಾವಿನ ತೋರಣ ಕಟ್ಟಿ, ಕುರ್ಚಿ ಮೇಜು ಹಾಕಿ, ಎಳನೀರು ಕೋಸಂಬರಿ ಇಟ್ಟರು. ಸಾಹೇಬರು ಜೀಪಿನಿಂದ ಇಳಿದರು. ಬೂಟಿನಲ್ಲೇ ಕಣದ ಮೇಲೆ ನಡೆದು ಬಂದರು. ಅತ್ತೆಯ ಕಣ್ಣು ಆ ಬೂಟುಗಳ ಮೇಲೇ ಇತ್ತು, ಆದರೆ ನೆಂಟರಲ್ಲವೇ, ಸುಮ್ಮನಿದ್ದರು. ಸಾಹೇಬರು ಕೆಟ್ಟವರೇನಲ್ಲ. ನಗುಮುಖದ ಮನುಷ್ಯ, ಕೋಸಂಬರಿ ಎರಡು ಸಲ ಹಾಕಿಸಿಕೊಂಡರು.

"ಕಣ ಎಲ್ಲಿ?" ಎಂದು ಕೇಳಿದರು.

"ಇದೇ ಸ್ವಾಮಿ" ಎಂದರು ಅಧ್ಯಕ್ಷರು.

"ಏನೂ ಕಾಣಿಸುವುದಿಲ್ಲವಲ್ಲ. ದನಗಳು?"

"ತಾವು ಬರ್ತೀರಿ ಅಂತ ಎಲ್ಲಾ ಎತ್ತಿಸ್ಬಿಟ್ವಿ ಸ್ವಾಮಿ."

ಸಾಹೇಬರು ನಕ್ಕರು. "ಬಹಳ ಶಿಸ್ತಿನ ಊರು" ಎಂದರು. ನಾನು ಹೆಂಗಸರ ಗುಂಪಿನಿಂದ ಮುಂದೆ ಬಂದು, ದನ ಕೆರೆಯಾಚೆ ಇವೆ, ಗುಂಡುಕಲ್ಲು ಆ ಪೊದೆಯ ಹಿಂದಿವೆ, ದಯವಿಟ್ಟು ಬಂದು ನೋಡಿ ಎಂದೆ. ಅಧ್ಯಕ್ಷರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಸಾಹೇಬರು ಗಡಿಯಾರ ನೋಡಿಕೊಂಡರು. "ಇನ್ನೂ ಬೇರೆ ಊರುಗಳಿವೆ ಅಮ್ಮ. ನಾನು ಕಣ್ಣಿಗೆ ಕಂಡದ್ದನ್ನು ಬರೆಯುವವನು" ಎಂದು ಎದ್ದರು. ಪೊದೆ ಅಲ್ಲೇ ಇತ್ತು, ಕೂಗಳತೆಯೂ ಇರಲಿಲ್ಲ.

ಬರೆದದ್ದೇನು ಎಂದು, ಆಮೇಲೆ ಕಚೇರಿಯಿಂದ ನಕಲು ಬಂದಾಗ, ಶಾಲೆಯ ಮೇಷ್ಟ್ರು ಕಟ್ಟೆಯಲ್ಲಿ ಓದಿ ಹೇಳಿದರು. ಬಯಲು ಖಾಲಿಯಾಗಿದೆ, ಮಟ್ಟಸವಾಗಿದೆ, ಯಾವ ಬಳಕೆಯೂ ಕಾಣುವುದಿಲ್ಲ, ಗ್ರಾಮಸ್ಥರು ಸಂಪೂರ್ಣ ಸಹಕಾರ ನೀಡಿದರು. ಅಧ್ಯಕ್ಷರು, "ಸಹಕಾರ ಅಂತ ಊರ ಬಗ್ಗೆ ಒಳ್ಳೇದೇ ಬರ್ದವ್ರಲ್ಲ" ಎಂದರು. ನನಗೆ ಕಲ್ಲೆತ್ತಿ ಹಾಕುವಷ್ಟು ಸಿಟ್ಟು ಬಂತು. ನಮ್ಮ ಕಾಲ ಮೇಲೆ ನಾವೇ ಚಪ್ಪಡಿ ಎಳೆದುಕೊಂಡಿದ್ದೆವು, ಅದೂ ಹೂವಿನಹಾರ ಹಾಕಿ.

ಮತ್ತೆ ಹೊಸಕೋಟೆಗೆ ಹೋದೆವು. ಈ ಸಲ ಅರ್ಧ ಜನವೂ ಬರಲಿಲ್ಲ. ಸಾಹೇಬರೇ ಬಂದು ನೋಡಿದ್ದಾರಲ್ಲ, ಇನ್ನೇನು ಎಂದು ಕಚೇರಿಯವರು ಬಾಗಿಲಿಂದಲೇ ವಾಪಸ್ಸು ಕಳಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಗೋಮಾಳದ ಸುತ್ತ ಮುಳ್ಳುತಂತಿ ಬಂತು. ಶೆಡ್ಡುಗಳು ಎದ್ದವು. ಊರ ಪಕ್ಕದಲ್ಲೇ ಕಾರ್ಖಾನೆಗೆ ಟಾರುರಸ್ತೆಯಾಯಿತು. ಆ ವರ್ಷ ರಾಗಿ ಚೆನ್ನಾಗಿಯೇ ಬೆಳೆದಿತ್ತು, ಒಕ್ಕಲು ಜಾಗವಿರಲಿಲ್ಲ. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ, ತಮ್ಮ ಕಣದಲ್ಲಿ ಯಾರು ಬೇಕಾದರೂ ಒಕ್ಕಿಕೊಳ್ಳಲಿ, ಒಂದು ಮೊರ ರಾಗಿ ಕೊಟ್ಟರೆ ಸಾಕು ಎಂದರು. ಬಹಳ ಜನ ಹೋದರು. ನನ್ನ ಗಂಡನೂ ಹೋಗೋಣವೆಂದರು.

"ಮೊರ ರಾಗಿ ದೊಡ್ಡದಲ್ಲ. ಅವ್ನ ಬಾಗ್ಲಲ್ಲಿ ನಿಂತು ಕೇಳ್ಬೇಕಲ್ಲ" ಎಂದರು ಅತ್ತೆ.

ಮಾರನೆಯ ಬೆಳಿಗ್ಗೆ ಗಾಡಿಗೆ ತೆನೆ ತುಂಬಿಸಿ, ನನ್ನನ್ನು ಕರೆದುಕೊಂಡು ಟಾರುರಸ್ತೆಗೆ ನಡೆದರು. ರಸ್ತೆಯ ಮೇಲೆ ಉದ್ದಕ್ಕೆ ತೆನೆ ಹರಡಿದೆವು. ಕಾರ್ಖಾನೆಗೆ ಸಿಮೆಂಟು ಕಬ್ಬಿಣ ಸಾಗಿಸುವ ಲಾರಿಗಳು ಅದರ ಮೇಲೆ ಹಾದುಹೋದವು, ತೆನೆ ಉದುರಿತು. ಈಗ ಆ ಸೀಮೆಯಲ್ಲೆಲ್ಲ ಹೀಗೇ ಮಾಡುತ್ತಾರೆ. ನಮ್ಮೂರಲ್ಲಿ ಮೊದಲು ಮಾಡಿದವರು ನಮ್ಮತ್ತೆ. ಬಿಸಿಲೇರಿ ಟಾರು ಕಾಯುತ್ತಿದ್ದರೂ ಅವರು ಚಪ್ಪಲಿಯನ್ನು ರಸ್ತೆಯಂಚಿನಲ್ಲಿ ಬಿಟ್ಟು ಬರಿಗಾಲಲ್ಲೇ ತೆನೆ ಮಗುಚುತ್ತಿದ್ದರು. ಕಾಲು ಸುಡುತ್ತದೆ ಅತ್ತೆ ಎಂದರೆ ಕೇಳಿಸದವರಂತಿದ್ದರು. ಆ ವರ್ಷದ ಮುದ್ದೆಯಲ್ಲಿ ಮರಳು ಸಿಗುತ್ತಿತ್ತು. ಮುದ್ದೆಯನ್ನು ಅಗಿಯುವುದಿಲ್ಲವಲ್ಲ, ನುಂಗಿಕೊಂಡೆವು.

ಇನ್ನೊಂದೇ ಹೊರೆ ತೆನೆ ಉಳಿದಿದ್ದ ದಿನ ಅಧ್ಯಕ್ಷರು ನಾಲ್ಕು ಜನರೊಂದಿಗೆ ಬಿರಬಿರನೆ ಬಂದರು. ಕಾರ್ಖಾನೆ ನೋಡಲು ಅದೇ ಸಾಹೇಬರು ಬರುತ್ತಿದ್ದಾರಂತೆ, ಹೊರಟಾಗಿದೆಯಂತೆ.

"ಬೇಗ ಎತ್ತಿ ರಸ್ತೆ ಗುಡ್ಸಿಬಿಡ್ರವ್ವ. ಊರ ಮರ್ಯಾದೆ ಪ್ರಶ್ನೆ" ಎಂದು ತಾವೇ ತಂದಿದ್ದ ಪೊರಕೆಯನ್ನು ಅತ್ತೆಯ ಮುಂದೆ ಹಿಡಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತೆನೆಯ ನಡುವೆ ಕೂತರು. ಪೊರಕೆ ಮುಟ್ಟಲಿಲ್ಲ.

"ಒಂದ್ಸಲ ಗುಡ್ಸಿ ಕೊಟ್ಟಿದೀನಿ" ಎಂದರು.

ಅಧ್ಯಕ್ಷರು ಪೊರಕೆ ಹಿಡಿದುಕೊಂಡೇ ನಿಂತರು. ದೂರದಲ್ಲಿ ಜೀಪಿನ ಹಾರನ್ ಕೇಳಿಸಿತು. ನಾನು ಚಪ್ಪಲಿ ಕಳಚಿ ಅಂಚಿನಲ್ಲಿಟ್ಟು, ಹೋಗಿ ಅತ್ತೆಯ ಪಕ್ಕದಲ್ಲಿ ಕೂತೆ.